‘ಕಮ್ಯುನಿಟಿ’ಯಲ್ಲಿ ‘ಯುನಿಟಿ’ ಇಲ್ಲ

ಪ್ರಶ್ನೆ: ‘ಕಾಮನ್’ ಮತ್ತು ‘ಯುನಿಟಿ’ ಸೇರಿ ‘ಕಮ್ಯುನಿಟಿ’ ಆಯಿತು ಎನ್ನುತ್ತಾರೆ. ನಿಜವೇ? ಕನ್ನಡದಲ್ಲಿ ಅದಕ್ಕೆ ಸಮಾನವಾದ ಪದಗಳು ಯಾವುವು?

ನಿಜವಲ್ಲ. ವಾರ್ಷಿಕೋತ್ಸವದ ಭಾಷಣಗಳ ಕಾಲ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ವೇದಿಕೆಯ ಮೇಲೆ ಯಾರೋ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ, ಮರುದಿನ ಅದು ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದೊಂದಿಗೆ ಓಡಾಡುತ್ತದೆ. ಎಷ್ಟು ಸಲ ತಿದ್ದಿದರೂ ಮತ್ತೆ ಅಲ್ಲೇ ಬಂದು ನಿಲ್ಲುತ್ತೇವೆ. ಈ ಸಲ ಪದವನ್ನು ಬಿಡಿಸಿಯೇ ನೋಡೋಣ.

ಲ್ಯಾಟಿನ್ನಿನಲ್ಲಿ ‘ಕಮ್ಯುನಿಸ್’ ಎಂಬ ಪದವಿದೆ. ಅರ್ಥ: ಎಲ್ಲರಿಗೂ ಸೇರಿದ್ದು. ಇದೇ ಪದ ಫ್ರೆಂಚಿನ ಮೂಲಕ ಸವೆದು ಬಂದು ಇಂಗ್ಲಿಷಿನಲ್ಲಿ ‘ಕಾಮನ್’ ಆಯಿತು. ಅದಕ್ಕೇ ಭಾವವಾಚಕ ಪ್ರತ್ಯಯ ಸೇರಿ ‘ಕಮ್ಯುನಿಟಾಸ್’, ಅದರಿಂದ ‘ಕಮ್ಯುನಿಟಿ’. ಎಂದರೆ ಈ ಪದದ ‘ಕಮ್ಯುನ್’ ಭಾಗವೇ ಪೂರ್ತಿ ‘ಕಾಮನ್’. ಮಿಕ್ಕಿದ್ದು ‘ಇಟಿ’ ಮಾತ್ರ, ನಮ್ಮ ‘ಬಡತನ’, ‘ಜಾಣತನ’ಗಳ ‘ತನ’ ಇದ್ದ ಹಾಗೆ. ‘ಯುನಿಟಿ’ಯನ್ನು ಎಲ್ಲಿಂದ ಹೊರತೆಗೆಯುತ್ತೀರಿ? ಅದು ‘ಒಂದು’ ಎಂಬ ಅರ್ಥದ ‘ಊನುಸ್’ನಿಂದ ಬಂದ ಬೇರೆಯೇ ಪದ. ಅದಕ್ಕೂ ಕೊನೆಯಲ್ಲಿ ಅದೇ ‘ಇಟಿ’ ಇರುವುದರಿಂದ ಎರಡೂ ಒಂದೇ ಮನೆಯವರಂತೆ ಕೇಳಿಸುತ್ತವೆ, ಅಷ್ಟೆ.

ತರಗತಿಯಲ್ಲಿ ನಾನು ಇನ್ನೊಂದು ಪರೀಕ್ಷೆ ಒಡ್ಡುತ್ತಿದ್ದೆ. ಕೊನೆಯ ಸದ್ದು ನೋಡಿಯೇ ಅರ್ಥ ಹೇಳಬಹುದಾದರೆ ‘ಆಪರ್ಚುನಿಟಿ’ ಕೂಡ ಒಗ್ಗಟ್ಟೇ ಆಗಬೇಕು. ಅದರ ಮೂಲದಲ್ಲಿರುವುದು ಬಂದರು: ಹಡಗನ್ನು ಬಂದರಿನ ಕಡೆಗೆ ಒಯ್ಯುವ ಅನುಕೂಲ ಗಾಳಿ. ‘ಇಂಪ್ಯುನಿಟಿ’ಯೂ ಒಗ್ಗಟ್ಟಾಗಬೇಕು. ಅದರೊಳಗೆ ಇರುವುದು ಶಿಕ್ಷೆ, ಶಿಕ್ಷೆಯಿಂದ ತಪ್ಪಿಸಿಕೊಳ್ಳುವುದು. ಮಕ್ಕಳು ಇಷ್ಟು ಕೇಳಿದ ಮೇಲೆ ಮತ್ತೆ ಆ ತಪ್ಪು ಮಾಡುತ್ತಿರಲಿಲ್ಲ. ದೊಡ್ಡವರೇ ಕಷ್ಟ.

ನಿಜವಾದ ಮೂಲವಾದರೋ ಈ ಕಟ್ಟುಕಥೆಗಿಂತ ಎಷ್ಟೋ ಸೊಗಸಾಗಿದೆ. ‘ಕಮ್ಯುನಿಸ್’ ಪದದೊಳಗೆ ‘ಮೂನುಸ್’ ಇದೆ. ರೋಮನ್ನರಿಗೆ ಅದು ಕರ್ತವ್ಯ, ಊರಿಗೆ ಸಲ್ಲಿಸಬೇಕಾದ ಸೇವೆ, ಕೊಡುಗೆ. ಜನರಿಗಾಗಿ ಏರ್ಪಡಿಸುತ್ತಿದ್ದ ಗ್ಲಾಡಿಯೇಟರ್ ಕಾಳಗವನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಹಾಗಾಗಿ ‘ಕಮ್ಯುನಿಟಿ’ ಎಂದರೆ ಹೊರೆಯನ್ನೂ ಹೊಣೆಯನ್ನೂ ಹಂಚಿಕೊಂಡವರು. ಒಂದೇ ಥರ ಯೋಚಿಸುವವರು ಎಂದಲ್ಲ. ಹೊಣೆಯನ್ನು ವಹಿಸಿಕೊಂಡ ಊರು ‘ಮುನಿಸಿಪಾಲಿಟಿ’. ಹೊಣೆಯಿಂದ ವಿನಾಯಿತಿ ಪಡೆದವನು ‘ಇಮ್ಯೂನ್’. ಕೋವಿಡ್ ಕಾಲದಲ್ಲಿ ನಮ್ಮ ಬಾಯಲ್ಲಿ ನಲಿದಾಡಿದ ‘ಇಮ್ಯುನಿಟಿ’ ಮೊದಲಿಗೆ ತೆರಿಗೆ ಮತ್ತು ಸೇವೆಗಳಿಂದ ಸಿಗುವ ವಿನಾಯಿತಿಯಾಗಿತ್ತು. ರೋಗದ ವಿಷಯಕ್ಕೆ ಅದು ನೆಲೆಯಾಗಿ ಅಂಟಿಕೊಂಡದ್ದು 19ನೇ ಶತಮಾನದ ಕೊನೆಗೆ.

ಇನ್ನು ಸಮಾನಾರ್ಥಕಗಳು. ಜಾಗ ನೋಡಿ ಆರಿಸಿಕೊಳ್ಳಬೇಕು. ಸರ್ಕಾರಿ ಬಳಕೆಯಲ್ಲಿ ‘ಸಮುದಾಯ’ ನೆಲೆಯೂರಿದೆ: ಸಮುದಾಯ ಭವನ, ಸಮುದಾಯ ಆರೋಗ್ಯ ಕೇಂದ್ರ, 1952ರ ಗಾಂಧಿ ಜಯಂತಿಯಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ. ‘ಸೊಸೈಟಿ’ಗೆ ‘ಸಮಾಜ’ ಎನ್ನುತ್ತೇವೆ. ‘ಸೊಸೈಟಿ’ಯ ಲ್ಯಾಟಿನ್ ಮೂಲದ ಅರ್ಥ ‘ಜೊತೆಗಾರ’. ಹಳ್ಳಿಗಳಲ್ಲಿ ‘ಸೊಸೈಟಿ’ ಎಂದರೆ ಸಹಕಾರ ಸಂಘವೇ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಅಂಥದ್ದನ್ನು ಕಟ್ಟಿದ್ದರು. ‘ಯೂನಿಯನ್’ ಮಾತ್ರ ‘ಒಂದು’ ಎಂಬುದರಿಂದಲೇ ಹುಟ್ಟಿದ್ದು. ಭಾಷಣಕಾರರಿಗೆ ಒಗ್ಗಟ್ಟಿನ ಪದವೇ ಬೇಕಿದ್ದರೆ ಇದನ್ನು ಬಳಸಿಕೊಳ್ಳಬಹುದು.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ವಧೂವರರ ಜಾಹೀರಾತಿನಲ್ಲಿ ‘ಕಮ್ಯುನಿಟಿ’ ಎಂದರೆ ಜಾತಿ. ಈ ಅರ್ಥ ಜಾಹೀರಾತಿನವರು ಹುಟ್ಟಿಸಿದ್ದಲ್ಲ, ಆಡಳಿತದ ಕಡತಗಳಲ್ಲಿ ಬೆಳೆದದ್ದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ‘ಕಮ್ಯುನಿಟಿ’ಗಳಿಗೆ ತಕ್ಕ ಪ್ರಾತಿನಿಧ್ಯ ಸಿಗುವಂತೆ ಮಾಡುವುದು ಹೇಗೆ ಎಂಬುದು ಅದರ ಮುಂದಿದ್ದ ವಿಷಯ. ಅಲ್ಲಿ ಆ ಪದಕ್ಕೆ ಕಳಂಕವೇನೂ ಇರಲಿಲ್ಲ, ನ್ಯಾಯ ಕೇಳುವವರ ಪದವಾಗಿತ್ತು. ಇತ್ತ ಬ್ರಿಟಿಷ್ ಇಂಡಿಯಾದಲ್ಲಿ 1909ರಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂತು, ಎಂದರೆ ಅವರ ಪ್ರತಿನಿಧಿಗಳನ್ನು ಅವರೇ ಆರಿಸುವ ವ್ಯವಸ್ಥೆ. 1932ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟ ತೀರ್ಪು, ‘ಕಮ್ಯುನಲ್ ಅವಾರ್ಡ್’, ಅದನ್ನು ಇತರ ಗುಂಪುಗಳಿಗೂ ವಿಸ್ತರಿಸಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೂಡದೆಂದು ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕುಳಿತರು, ಅದನ್ನು ಕೈಬಿಡುವ ಪೂನಾ ಒಪ್ಪಂದವಾಯಿತು. ಆ ವರ್ಷಗಳ ಜಗಳಗಳಲ್ಲಿ ‘ಕಮ್ಯುನಲ್’ ಪದ ನಮ್ಮಲ್ಲಿ ಕಹಿಯಾಯಿತು. ನಾವು ಅದನ್ನು ಅರಬ್ಬಿಯ ‘ಕೌಮ್’ನಿಂದ ಬಂದ ‘ಕೋಮು’ ಸೇರಿಸಿ ‘ಕೋಮುವಾದಿ’ ಎಂದು ಕನ್ನಡಿಸಿದೆವು.

ಇಂಗ್ಲೆಂಡಿನಲ್ಲಿ ಆ ಕಹಿ ಇಲ್ಲ. ಅಲ್ಲಿ ಬಾಡಿಗೆ ಮನೆ ಹುಡುಕುವ ಕನ್ನಡಿಗರಿಗೆ ‘ಕಮ್ಯುನಲ್ ಗಾರ್ಡನ್’ ಎಂಬ ಮಾತು ಕಂಡರೆ ಗಾಬರಿ ಬೇಡ. ಕಟ್ಟಡದಲ್ಲಿರುವ ಎಲ್ಲರೂ ಬಳಸಬಹುದಾದ ತೋಟ ಎಂದಷ್ಟೇ ಅದರ ಅರ್ಥ.