ನೀರು ಕುದಿಯುತ್ತದೆ, ಬೇಳೆ ಬೇಯುವುದಿಲ್ಲ

ದಕ್ಷಿಣ ಟಿಬೆಟ್‌ನಲ್ಲಿ, ಭೂತಾನ್ ಗಡಿಗೆ ಹತ್ತಿರದಲ್ಲೇ, ಪೂಮಾ ಯುಮ್‌ತ್ಸೋ ಎಂಬ ಸರೋವರವಿದೆ. ಅದರ ದಡದಲ್ಲಿ ತುಯಿವಾ ಎಂಬ ಪುಟ್ಟ ಊರು. ಎತ್ತರ ಸುಮಾರು 5,070 ಮೀಟರ್. ಎದುರಿಗೆ ಕುಲಾ ಕಾಂಗ್ರಿ ಪರ್ವತದ ಹಿಮ. ಸುತ್ತ ಒಂದು ಮರವೂ ಇಲ್ಲ, ಹಾಗಾಗಿ ಒಲೆಗೆ ಒಣಗಿದ ಸಗಣಿಯೇ ಗತಿ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಊರಿನವರು ಮಂಜುಗಡ್ಡೆಯ ಮೇಲೆ ಮಣ್ಣು ಚೆಲ್ಲಿ ದಾರಿ ಮಾಡುತ್ತಾರೆ. ಕುರಿಗಳ ಕಾಲು ಜಾರಬಾರದು, ಅಲ್ವಾ? ಆ ದಾರಿಯಲ್ಲಿ ಅವನ್ನು ನಡುಗಡ್ಡೆಯ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ.

ಇಂಥ ಊರಿನ ಮಾತು ಬಂದರೆ ‘ಅಲ್ಲಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ’ ಎನ್ನುತ್ತಾರೆ. ಪಾಲು ಕಡಿಮೆಯಿಲ್ಲ. ಅಲ್ಲೂ ಶೇಕಡಾ 21, ಇಲ್ಲೂ 21. ಕಡಿಮೆಯಿರುವುದು ಗಾಳಿಯೇ. ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ ಎನ್ನುವವರಿಗೆ ಏನು ಹೇಳೋಣ? ಮೂಗಿಗೆ ತಣ್ಣಗೆ ಅನ್ನಿಸುತ್ತದೆ, ಅಷ್ಟೇ. ರಕ್ತಕ್ಕೆ ಏನೂ ಸಿಗುವುದಿಲ್ಲ.

ನನಗೆ ಕುತೂಹಲ ಇರುವುದು ಉಸಿರಿಗಿಂತ ಜಾಸ್ತಿ ಅಡುಗೆಮನೆಯ ಬಗ್ಗೆ. ನಮ್ಮ ಮೇಲಿರುವ ಗಾಳಿಯನ್ನು ಒಂದರ ಮೇಲೊಂದು ಪೇರಿಸಿದ ಕೌದಿಗಳು ಅಂದುಕೊಳ್ಳಿ. ಕೆಳಗಿನ ಕೌದಿಗೆ ಭಾರ ಹೆಚ್ಚು, ಮೇಲಿನದಕ್ಕೆ ಕಡಿಮೆ. ತುಯಿವಾಕ್ಕೆ ಹೋಗುವಷ್ಟರಲ್ಲಿ ಅರ್ಧದ ಹತ್ತಿರ ಕೌದಿಗಳು ಕಾಲ ಕೆಳಗೆ ಉಳಿದಿರುತ್ತವೆ. ಈಗ ಪಾತ್ರೆಯೊಳಗಿನ ನೀರಿನ ಕಣಗಳನ್ನು ನೋಡಿ. ಕಿಕ್ಕಿರಿದ ಬಸ್ಸಿನಿಂದ ಇಳಿಯಲು ಹೊರಟವರಂತೆ ಅವು. ಬಾಗಿಲಲ್ಲಿ ಹತ್ತುವವರ ನೂಕುನುಗ್ಗಲು ಇದ್ದರೆ ಇಳಿಯಲು ಬಲ ಬೇಕು. ಇಲ್ಲದಿದ್ದರೆ ಸುಮ್ನೆ ಇಳಿದುಬಿಡಬಹುದು. ಆ ನೂಕುನುಗ್ಗಲೇ ಮೇಲಿನ ಗಾಳಿಯ ಒತ್ತಡ, ಆ ಬಲವೇ ಬಿಸಿ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ, ತುಯಿವಾದಲ್ಲಿ ಸುಮಾರು 83ರಲ್ಲೇ. ಒಮ್ಮೆ ಕುದಿ ಬಂದಮೇಲೆ ಎಷ್ಟು ಸಗಣಿ ಉರಿಸಿದರೂ ನೀರಿನ ಬಿಸಿ ಅದರಾಚೆ ಏರುವುದಿಲ್ಲ, ಆವಿ ಜಾಸ್ತಿಯಾಗುತ್ತದೆ ಅಷ್ಟೇ. ಕೊತಕೊತ ಸದ್ದಿಗೆ ಬೇಳೆ ಬೇಯುವುದಿಲ್ಲ, ಬಿಸಿಗೆ ಬೇಯುತ್ತದೆ.

1835ರಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡೀಸ್ ಪರ್ವತ ದಾಟುವಾಗ ಇದೇ ಪೇಚು. ಆಲೂಗಡ್ಡೆ ರಾತ್ರಿಯಿಡೀ ಒಲೆಯ ಮೇಲಿದ್ದರೂ ಬೇಯಲಿಲ್ಲ. ಜೊತೆಗಿದ್ದವರು ತಪ್ಪು ಹೊರಿಸಿದ್ದು ಪಾತ್ರೆಯ ಮೇಲೆ! ಅದು ಹೊಸದಂತೆ, ಅದಕ್ಕೆ ಬೇಯಿಸುವ ಮನಸ್ಸಿಲ್ಲವಂತೆ. ನಮ್ಮಲ್ಲಾಗಿದ್ದರೆ ದೃಷ್ಟಿ ತೆಗೆಯುತ್ತಿದ್ದರು.

ಕುಕ್ಕರ್ ಇದ್ದರೆ ಚಿಂತೆಯಿಲ್ಲ. ಬಿಟ್ಟುಬಂದ ಕೌದಿಗಳನ್ನು ಮುಚ್ಚಳದೊಳಗೇ ಹೊದಿಸಿದಂತೆ ಅದು. ತುಯಿವಾದಲ್ಲೂ ಒಳಗಿನ ಬಿಸಿ 110 ಡಿಗ್ರಿ ದಾಟುತ್ತದೆ. ಕುಕ್ಕರ್ ಇಲ್ಲದ ಕಾಲದಲ್ಲಿ ಟಿಬೆಟನ್ನರು ನೀರನ್ನೇ ಪಕ್ಕಕ್ಕಿಟ್ಟರು. ಬಾರ್ಲಿಯನ್ನು ಕಾದ ಮರಳಿನಲ್ಲಿ ಹುರಿದರು. ಮರಳು ಕುದಿಯುವುದಿಲ್ಲ, ಹಾಗಾಗಿ ಅದರ ಬಿಸಿಗೆ ಗಾಳಿಯ ಅಂಕೆಯಿಲ್ಲ. ಹುರಿದದ್ದನ್ನು ಬೀಸಿದರೆ ತ್ಸಂಪಾ. ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ಉಂಡೆ ಕಟ್ಟಿದರೆ ಊಟ ಮುಗಿಯಿತು. ನಮ್ಮ ರಾಗಿ ಹುರಿಹಿಟ್ಟಿನ ಅಣ್ಣನೋ ತಮ್ಮನೋ ಇರಬೇಕು.

1960ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರು ಬೈಲಕುಪ್ಪೆಗೆ ಬಂದು ನೆಲೆಸಿದರು. ಅಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ, ಬೇಳೆ ತಕರಾರಿಲ್ಲದೆ ಬೇಯುತ್ತದೆ. ತ್ಸಂಪಾ ಮಾತ್ರ ಇನ್ನೂ ಇದೆ.