ದುಬೈಯಲ್ಲಿ ಸಿಗುವ ಸೀರೀಸ್ ಮಂಗಳೂರಲ್ಲಿ ಯಾಕಿಲ್ಲ?

ಗಲ್ಫ್‌ನಿಂದ ರಜೆಗೆ ಬಂದವರು ಊರಲ್ಲಿ ಟಿ.ವಿ. ಹಾಕಿದರೆ ಈ ಪ್ರಶ್ನೆ ಗ್ಯಾರಂಟಿ: ಅಲ್ಲಿ ಅರ್ಧ ನೋಡಿದ ಸೀರೀಸ್ ಇಲ್ಲಿ ಯಾಕೆ ಕಾಣ್ತಿಲ್ಲ? ಪಾಸ್‌ವರ್ಡ್ ಅದೇ, ದುಡ್ಡೂ ಕಟ್ಟಿದೆ. ಆದರೆ ಪ್ರಸಾರದ ಹಕ್ಕು ದೇಶಕ್ಕೊಂದರಂತೆ ಮಾರಾಟವಾಗುತ್ತದೆ. ಅಲ್ಲಿ ಕೊಂಡವರೇ ಇಲ್ಲೂ ಕೊಂಡಿರಬೇಕೆಂದಿಲ್ಲ.

ಅದೇ ಗಲ್ಫ್‌ನಿಂದ ಹಿಂದೆ ವಿ.ಸಿ.ಆರ್. ಬಂದಿತ್ತು. ಆಮೇಲೆ ಕೇಬಲ್, ಸಿ.ಡಿ., ಈಗ ಮೊಬೈಲು. ತುಳು ನಾಟಕದ್ದೋ ಯಕ್ಷಗಾನದ್ದೋ ಸಿ.ಡಿ. ಕೊಂಡರೆ ಅದು ನಮ್ಮದೇ. ಗೀರು ಬಿದ್ದು ಹಾಳಾಗುತ್ತಿತ್ತು, ನಿಜ. ಆದರೆ ಕಪಾಟಿನಿಂದ ಯಾರೂ ಹೇಳದೆ ಎತ್ತಿಕೊಂಡು ಹೋಗುತ್ತಿರಲಿಲ್ಲ.

2015ರಲ್ಲಿ ಹಾಟ್‌ಸ್ಟಾರ್ ಶುರುವಾಯಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೋ ಬಂದವು. ಮೊದಮೊದಲು ಸ್ಟುಡಿಯೋಗಳಿಗೆ ಇದು ಸಲೀಸಾದ ಮೇಲಾದಾಯ: ಹಳೆಯ ಸರಕನ್ನು ಬಾಡಿಗೆಗೆ ಕೊಡುವುದು. 2017ರ ಆಗಸ್ಟ್‌ನಲ್ಲಿ ಡಿಸ್ನಿ ತನ್ನ ಸಿನಿಮಾಗಳನ್ನು ನೆಟ್‌ಫ್ಲಿಕ್ಸ್‌ನಿಂದ ವಾಪಸ್ ಪಡೆದು ಸ್ವಂತ ಸೇವೆ ಶುರು ಮಾಡುವುದಾಗಿ ಹೇಳಿತು. ಉಳಿದ ಸ್ಟುಡಿಯೋಗಳೂ ಅದೇ ದಾರಿ ಹಿಡಿದವು. 'ನಮ್ಮಲ್ಲಿ ಮಾತ್ರ' ಎನ್ನುವುದೇ ಜಾಹೀರಾತಾಯಿತು.

ಅಮೆರಿಕದ ಟಿ.ವಿ. ಚಾನೆಲ್ ಎಚ್‌ಬಿಒ ಮಾಡಿದ ಸೀರೀಸ್‌ಗಳ ಅಲೆದಾಟ ನೋಡಿದರೆ ಈ ಗೋಜಲು ಚೆನ್ನಾಗಿ ಅರ್ಥವಾಗುತ್ತದೆ. 'ಗೇಮ್ ಆಫ್ ಥ್ರೋನ್ಸ್' ನೋಡಲೆಂದೇ ಹಾಟ್‌ಸ್ಟಾರ್‌ಗೆ ದುಡ್ಡು ಕಟ್ಟಿದವರು ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಕಮ್ಮಿ ಏನಿಲ್ಲ. 2023ರ ಮಾರ್ಚ್ 31ಕ್ಕೆ ಎಚ್‌ಬಿಒ ಜೊತೆ ಹಾಟ್‌ಸ್ಟಾರ್‌ಗಿದ್ದ ಕರಾರು ಮುಗಿಯಿತು. ವರ್ಷದ ಚಂದಾ ಕಟ್ಟಿದವರಿಗೆ ಚಂದಾ ಉಳಿಯಿತು, ಸೀರೀಸ್ ಹೋಯಿತು. ಮುಂದಿನ ತಿಂಗಳುಗಳಲ್ಲಿ ಅದು ಜಿಯೋಸಿನಿಮಾದಲ್ಲಿ ಕಾಣಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆದವು. ಹೋದದ್ದು ಸುತ್ತಿ ಬಳಸಿ ಹಳೇ ಮನೆಗೇ ಬಂತು ಅನ್ನಿ. ನಡುವೆ ಎರಡು ಕಡೆ ದುಡ್ಡು ಕಟ್ಟಿದವರ ಲೆಕ್ಕ ಮಾತ್ರ ಯಾರೂ ಇಟ್ಟಂತಿಲ್ಲ.

ಕರಾರು ಮುಗಿಯದೆಯೂ ಮಾಯವಾಗುವುದುಂಟು. 2022ರ ಕೊನೆಗೆ 'ವೆಸ್ಟ್‌ವರ್ಲ್ಡ್', 2023ರಲ್ಲಿ 'ವಿಲ್ಲೋ' ಸೀರೀಸನ್ನು ಮಾಲೀಕರೇ ತಮ್ಮ ಸೇವೆಯಿಂದ ತೆಗೆದರು. ಖರ್ಚು ತಗ್ಗಿಸುವ ಲೆಕ್ಕಾಚಾರ ಅದು. ಡಿಸ್ಕ್ ಇಲ್ಲದ ಸೀರೀಸಿಗೆ ಹೀಗಾದರೆ ನೋಡಲು ಬೇರೆ ನೇರ ದಾರಿಯೇ ಇರುವುದಿಲ್ಲ, ಅಲ್ವಾ?

ಹಳೆಯ ಧಾರಾವಾಹಿಗಳ ತೊಡಕು ಬೇರೆ. ಆಗಿನ ಕಾಗದಪತ್ರದಲ್ಲಿ ಇಂಟರ್ನೆಟ್ ಎಂಬ ಸೊಲ್ಲೇ ಇಲ್ಲ. ಕರಾರು ಮಾಡುವಾಗ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೂ ಹಕ್ಕು ಸಿಗಬೇಕಾದರೆ ಅದನ್ನು ಹೆಸರಿಸಿಯೇ ಬರೆದಿರಬೇಕು ಎಂದು 2012ರ ಕಾಪಿರೈಟ್ ತಿದ್ದುಪಡಿ ಹೇಳಿತು. ಬರೆದವರಿಗೆ, ಸಂಗೀತ ಕೊಟ್ಟವರಿಗೆ ಇದು ಒಳ್ಳೆಯದೇ. ಆದರೆ ಅದಕ್ಕೂ ಹಿಂದಿನ ಕರಾರುಗಳಲ್ಲಿ ಯಾರ ಸಹಿ ಬೇಕು ಎಂದು ಹುಡುಕುವ ಖರ್ಚು ಕೆಲವೊಮ್ಮೆ ಧಾರಾವಾಹಿಯ ಗಳಿಕೆಗಿಂತ ಜಾಸ್ತಿ.

ದೂರದರ್ಶನದ ಹಳೆಯ ಕಾರ್ಯಕ್ರಮಗಳಿಗಾಗಿ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಲ್ಲಿ ಬಂದಿದೆ. ನಮ್ಮೂರ ಕೇಬಲ್‌ನಲ್ಲಿ ಬರುತ್ತಿದ್ದ ತುಳು, ಕೊಂಕಣಿ ಕಾರ್ಯಕ್ರಮಗಳಿಗೆ ಅಂಥ ಮನೆ ಇಲ್ಲ. ಯಾರೋ ಟೇಪ್ ಇಟ್ಟುಕೊಂಡಿದ್ದವರು ಯೂಟ್ಯೂಬ್‌ಗೆ ಹಾಕಿದರೆ ಸಿಗುತ್ತವೆ, ಹಕ್ಕುದಾರರು ದೂರು ಕೊಡುವವರೆಗೆ.