ಒದ್ದೆ ಮಣ್ಣಿನಲ್ಲೇ ಬಾಯಾರುವ ಸಸಿ

ಹಾಗಲಕಾಯಿ ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಬಟ್ಟಲಲ್ಲಿ ನೀರು ನಿಲ್ಲುತ್ತದೆ. ಸವಳು ನೀರು ಕುಡಿಸಿದ ಟೊಮೆಟೊ ಸಸಿಯ ಬೇರಿಗೂ ಹೆಚ್ಚುಕಡಿಮೆ ಇದೇ ಪಾಡು. ಮಣ್ಣು ಒದ್ದೆ, ಸಸಿ ಬಾಡಿದೆ. ಬಾಡಿತೆಂದು ಅದೇ ನೀರನ್ನು ಆಗಾಗ ಚಿಮುಕಿಸಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಅರ್ಧ ನೀರು ಆರಿದರೆ ಉಪ್ಪಿನ ಸಾಂದ್ರತೆ ಇಮ್ಮಡಿ.

ನೀರೆಳೆಯಲಾಗದ್ದು ಉಪ್ಪಿನ ಮೊದಲ ಪೆಟ್ಟು. ಎರಡನೇ ಪೆಟ್ಟು ಕೆಲವು ದಿನ ಕಳೆದ ಮೇಲೆ ಕಾಣುತ್ತದೆ: ಹಳೆ ಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ರೋಗವೆಂದು ಶಿಲೀಂಧ್ರನಾಶಕ ಹೊಡೆಯುವುದುಂಟು, ದುಡ್ಡು ದಂಡ. ಪೊಟ್ಯಾಸಿಯಂಗೆಂದು ಇರುವ ಬಾಗಿಲಲ್ಲಿ ಸೋಡಿಯಂ ಅದರದೇ ವೇಷ ಹಾಕಿ ನುಸುಳಿರುತ್ತದೆ. ಬೇರಿನ ಕೋಶಪೊರೆಯಲ್ಲಿರುವ ಎಸ್‌ಒಎಸ್1 ಎಂಬ ಪ್ರೋಟೀನು ಅದನ್ನು ಹೊರದಬ್ಬುತ್ತಲೇ ಇರುತ್ತದೆ, ತೂತು ದೋಣಿಯಲ್ಲಿ ಕೂತು ನೀರು ಮೊಗೆದು ಚೆಲ್ಲುವವನ ಹಾಗೆ. ಆ ತ್ರಾಣ ಬೆಳವಣಿಗೆಯ ಬಾಬ್ತಿನಿಂದಲೇ ಹೋಗಬೇಕು. ಹೊರಹೋಗದ್ದನ್ನು ಸಸಿ ಕೋಶದೊಳಗಿನ ರಸದಾನಿಗೆ (ರಸ ತುಂಬಿದ ಚೀಲಕ್ಕೆ) ತುಂಬಿ ಬಾಗಿಲು ಹಾಕುತ್ತದೆ. ಹಳೇ ಸಾಮಾನನ್ನು ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ಬಲಿತ ಎಲೆಯ ಕೋಶದಲ್ಲಿ ಹೆಚ್ಚಿನ ಜಾಗ ರಸದಾನಿಯದೇ. ಎಳೆ ಕುಡಿಯ ಕೋಶದಲ್ಲಿ ಅಟ್ಟವನ್ನೇ ಇನ್ನೂ ಸರಿಯಾಗಿ ಕಟ್ಟಿರುವುದಿಲ್ಲ!

ಉಪ್ಪನ್ನು ಅಳೆಯುವುದು ಇ.ಸಿ. ಅಂದರೆ ವಿದ್ಯುತ್ ವಾಹಕತೆಯಿಂದ; ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚು. ಮಣ್ಣನ್ನು ನೀರಲ್ಲಿ ನೆನೆಸಿ ಹಿಂಡಿ ತೆಗೆದ ಸಾರದ ಇ.ಸಿ. (ಮೀಟರಿಗೆ ಡೆಸಿಸೀಮನ್ಸ್ ಲೆಕ್ಕದಲ್ಲಿ) ಟೊಮೆಟೊಗೆ 2.5, ಮೆಣಸಿನಕಾಯಿಗೆ 1.5, ಈರುಳ್ಳಿಗೆ 1.2, ಬೀನ್ಸ್‌ಗೆ 1 ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಬೀಟ್‌ರೂಟ್ 4ರವರೆಗೆ ತಾಳುತ್ತದೆ, ಆದರೆ ಮೊಳೆಯುವಾಗ ಅದಕ್ಕೂ 3 ದಾಟಬಾರದು.

ರೋಮನರು ಕ್ರಿ.ಪೂ. 146ರಲ್ಲಿ ತಮ್ಮ ಶತ್ರುನಗರ ಕಾರ್ತೇಜಿನ ನೆಲಕ್ಕೆ ಉಪ್ಪು ಬಿತ್ತಿದರೆಂಬ ಕತೆ ಪ್ರಾಚೀನರ ಬರಹಗಳಲ್ಲಿ ಇಲ್ಲವೇ ಇಲ್ಲ. ಹೊಲ ಕೆಡಲು ಶತ್ರುವೇ ಬೇಕೆಂದಿಲ್ಲ, ಬಸಿಗಾಲುವೆ ಇಲ್ಲದ ನೀರಾವರಿ ಸಾಕು. ಗಂಗಾವತಿ, ಸಿಂಧನೂರು ಕಡೆ ಗದ್ದೆಗಳು ಸವಳಾದದ್ದು ಹೀಗೇ. ಅಲ್ಲಿಗೆ ಜಿಪ್ಸಂ ಸುರಿದರೆ ಸಾಕೆನ್ನುವುದು ಇನ್ನೊಂದು ಭ್ರಮೆ. ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಮಣ್ಣಿಗೆ ಜಿಪ್ಸಂ ಮದ್ದು; ಬರೀ ಉಪ್ಪಿನ ಮಣ್ಣಿಗೆ ಅದು ಇನ್ನೊಂದಿಷ್ಟು ಉಪ್ಪು, ಅಷ್ಟೇ. ಅಲ್ಲಿ ಉಪ್ಪನ್ನು ತೊಳೆದು ಕೆಳಗೆ ಬಸಿಯಬೇಕು. ಎಷ್ಟು? ನೀರಿನ ಇ.ಸಿ. 1.5, ಬೆಳೆ ಟೊಮೆಟೊ ಆದರೆ 1.5 ÷ (5 × 2.5 − 1.5), ಇಲ್ಲಿ 2.5 ಮೇಲೆ ಹೇಳಿದ ಟೊಮೆಟೊ ಮಿತಿ, 5 ಸೂತ್ರದ ಸ್ಥಿರ ಸಂಖ್ಯೆ: ಹಾಯಿಸಿದ ನೀರಿನಲ್ಲಿ ಸುಮಾರು ಶೇ. 14 ಬೇರಿನ ಕೆಳಗೆ ಇಳಿದುಹೋಗಬೇಕು.

ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿತಟ್ಟೆ) ಬೆಳೆಸುವವರು ಮೊದಲು ಅದಕ್ಕೆ ತುಂಬುವ ಕೊಕೊಪೀಟನ್ನೇ (ತೆಂಗಿನ ನಾರಿನ ಪುಡಿ) ಅನುಮಾನಿಸಬೇಕು. ನೆನೆಸಿ ಬಸಿದ ನೀರಿನ ಇ.ಸಿ. 0.5ಕ್ಕೆ ಇಳಿಯುವವರೆಗೆ ಸಿಹಿ ನೀರಲ್ಲಿ ತೊಳೆಯಿರಿ. ಸವಳು ನೀರನ್ನು ಎಲೆಯ ಮೇಲೆ ಎರಚಬೇಡಿ, ಬುಡಕ್ಕೆ ಬಿಡಿ. ಬೋದಿನ (ಸಾಲಿನ ಪಕ್ಕದ ಮಣ್ಣಿನ ಏರಿ) ನೆತ್ತಿಯಲ್ಲಿ ನಾಟಿ ಬೇಡ. ಸಾಲಿನ ನೀರು ಮೇಲೇರಿ ಆರುವಾಗ ಉಪ್ಪೆಲ್ಲ ಅಲ್ಲೇ ಬೆಳ್ಳಗೆ ಕೂಡುತ್ತದೆ. ಇಳಿಜಾರಿನಲ್ಲಿ, ನೀರಿನ ಗೆರೆಗಿಂತ ತುಸು ಮೇಲೆ ನೆಡಿ.